ಕತ್ತು ಚೆಲ್ಲಿದ ಹಕ್ಕಿಗಳು

ವರದಿಯ ಕೆಳಗಿದ್ದ ಸಹಿ ಅವಳದೇ. ಅದರಲ್ಲಿ ಅನುಮಾನವಿರಲಿಲ್ಲ. ನೀಲಗಂಗಮ್ಮ ಆ ಕಾರ್ಬನ್ ಪ್ರತಿಯನ್ನು ಮೂರು ಸಲ ಓದಿದಳು. ಮೂರನೆಯ ಸಲ ಓದಿ ಮುಗಿಸುವ ಹೊತ್ತಿಗೆ ಅವಳ ಕಿವಿಗಳು ಬಿಸಿಯಾಗಿದ್ದವು.

‘ಮಾಚಯ್ಯನ ಕೆರೆಯಲ್ಲಿ ಹಕ್ಕಿಗಳು ಸತ್ತ ಪ್ರಕರಣ. ಪರೀಕ್ಷೆಗೆ ಬಂದ ಮಾದರಿಯಲ್ಲಿ ಕೀಟನಾಶಕ ಪತ್ತೆಯಾಗಿದೆ.’ ಇಷ್ಟೇ. ಯಾವ ಮಾದರಿ ಎಂದು ಬರೆದಿರಲಿಲ್ಲ.

ಅವಳು ರಾಜಾಜಿನಗರದ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ನೀರು ಪರೀಕ್ಷೆ ಮಾಡುತ್ತಿದ್ದವಳು. ದಾವಣಗೆರೆಯಿಂದ ಬಂದು, ಬಸವೇಶ್ವರನಗರದಲ್ಲಿ ತಾಯಿಯೊಂದಿಗೆ ಮನೆ ಮಾಡಿಕೊಂಡಿದ್ದಳು. ಸಾವಿರದ ಒಂಬೈನೂರ ಎಂಬತ್ತೇಳರ ಮಾರ್ಚ್ ಕೊನೆಯ ವಾರ ಪೊಲೀಸರು ಅವಳ ಮೇಜಿನ ಮೇಲೆ ಎರಡು ವಸ್ತು ತಂದಿಟ್ಟು ಹೋಗಿದ್ದರು. ಒಂದು, ಉಲ್ಲಾಳದ ಆಚೆಯ ಮಾಚಯ್ಯನ ಕೆರೆಯ ನೀರು ತುಂಬಿದ ಬಾಟಲಿ. ಇನ್ನೊಂದು, ಆ ಕೆರೆಯ ಕೆಳಗೆ ಸೊಪ್ಪು ಬೆಳೆಯುವ ಚಿಕ್ಕಹನುಮಯ್ಯ ಎಂಬವನ ಗುಡಿಸಲಲ್ಲಿ ಸಿಕ್ಕ ತಗಡಿನ ಡಬ್ಬ. ಹುಳಕ್ಕೆ ಹೊಡೆಯುವ ಔಷಧಿಯ ಡಬ್ಬ. ಸೊಪ್ಪು ಬೆಳೆಯುವ ಯಾರ ಮನೆಯಲ್ಲಿ ಹುಡುಕಿದರೂ ಅಂಥದೊಂದು ಸಿಗುತ್ತಿತ್ತು.

ಔಷಧಿಯ ಡಬ್ಬದಲ್ಲಿ ಔಷಧಿಯೇ ಇತ್ತು. ಹಾಗೆಂದು ಬರೆದಳು. ಕೆರೆಯ ನೀರಿನಲ್ಲಿ ಅದರ ಒಂದು ಹನಿಯ ಸುಳಿವೂ ಇರಲಿಲ್ಲ. ಅದನ್ನೂ ಬರೆದಳು. ಕೆರೆಯ ನೀರಿನಲ್ಲಿ ಬೇರೊಂದು ವಿಷಯ ಕಂಡಿತ್ತು. ಉಸಿರುಗಾಳಿ ಇರುವ ನೀರಿಗೆ ಪರೀಕ್ಷೆಯ ರಾಸಾಯನಿಕ ಬೆರೆಸಿದರೆ ಬಾಟಲಿಯ ತಳದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ. ಈ ನೀರಿನ ಗಸಿ ಸುಣ್ಣದ ಹಾಗೆ ಬೆಳ್ಳಗೇ ಉಳಿಯಿತು. ಅಂದರೆ ಆ ನೀರಿಗೆ ಉಸಿರೇ ಇರಲಿಲ್ಲ. ಪರೀಕ್ಷೆಯ ಪುಸ್ತಕದಲ್ಲೂ ವರದಿಯಲ್ಲೂ ಅದಕ್ಕೆ ಕೆಂಪು ಗೆರೆ ಎಳೆದು, ‘ಗಮನಿಸಬೇಕು’ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿ ಕಳಿಸಿದ್ದಳು.

ಈಗ ನೀರಿನ ಮಾತೂ ಇಲ್ಲ, ಕೆಂಪು ಗೆರೆಯೂ ಇಲ್ಲ. ಡಬ್ಬದ ಫಲಿತಾಂಶವೊಂದನ್ನೇ ಕಿತ್ತು ತೆಗೆದು ಕೆರೆಯ ಹೆಸರಿನ ಕೆಳಗೆ ಕೂರಿಸಿದ್ದರು. ಆ ಕಾಗದದ ಬಲದ ಮೇಲೆ ಚಿಕ್ಕಹನುಮಯ್ಯ, ಮಾಂಸ ಮಾರುವ ಆಸೆಗೆ ಕೆರೆಗೆ ವಿಷ ಹಾಕಿ ಹಕ್ಕಿ ಕೊಂದವನಾಗಿ, ಆರು ದಿನದಿಂದ ಜೈಲಿನಲ್ಲಿದ್ದ.

ಅವಳು ಕಾಗದ ಹಿಡಿದು ನೇರವಾಗಿ ಸೋಮಲಿಂಗಪ್ಪನವರ ಕೋಣೆಗೆ ಹೋದಳು. ಅವರು ಪ್ರಯೋಗಾಲಯದ ಮುಖ್ಯಸ್ಥರು. ಮೆತ್ತಗಿನ ಮಾತಿನವರು.

“ಸಾರ್, ಇದೇನಿದು?”

“ಕೂತ್ಕೊಳ್ಳಿ ನೀಲಗಂಗಮ್ಮನವರೇ. ಯಾಕೆ, ಸಹಿ ನಿಮ್ಮದಲ್ವಾ?”

“ಸಹಿ ನಂದೇ, ಟೈಪಾಗಿ ಬಂದ ಕಾಗದದ ಕಟ್ಟಲ್ಲಿ ಓದದೆ ಹಾಕಿದ್ದು. ಬರಹ ನಂದಲ್ಲ. ನಾನು ಎರಡು ಸ್ಯಾಂಪಲ್ ನೋಡಿದೀನಿ. ವಿಷ ಇದ್ದಿದ್ದು ಡಬ್ಬದಲ್ಲಿ. ಕೆರೇಲಿ ಇಲ್ಲ.”

“ಎರಡೂ ಒಂದೇ ಕೇಸಿನವು. ಸಂಕ್ಷಿಪ್ತವಾಗಿ ಬರೆಸಿದೀನಿ ಅಷ್ಟೆ.”

“ಸಂಕ್ಷಿಪ್ತ ಅಲ್ಲ ಸಾರ್, ಸುಳ್ಳು.”

ಸೋಮಲಿಂಗಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಮ್ಮಾ, ಮುನ್ನೂರು ಹಕ್ಕಿ ಸತ್ತಿದೆ. ಪೇಪರಿನಲ್ಲಿ ಬಂದಿದೆ. ಯಾರೋ ಒಬ್ಬರು ಸಿಕ್ಕಬೇಕಿತ್ತು, ಸಿಕ್ಕಿದಾನೆ. ನಾಲ್ಕು ದಿನದಲ್ಲಿ ಜಾಮೀನು ಆಗುತ್ತೆ. ನಿಮ್ಮ ಕೆಲಸ ಮುಗೀತು.”

ಅವಳು ಎದ್ದು ಬಂದಳು. ಊಟದ ಡಬ್ಬಿ ಮೇಜಿನ ಮೇಲೇ ಬಿಟ್ಟು, ಅರ್ಧ ದಿನದ ರಜೆ ಬರೆದಿಟ್ಟು, ಉಲ್ಲಾಳದ ಬಸ್ಸು ಹತ್ತಿದಳು.

ಕೊನೆಯ ಸ್ಟಾಪಿನಿಂದ ಕೆರೆಗೆ ಅರ್ಧ ಗಂಟೆಯ ನಡಿಗೆ. ಏರಿಗೆ ಇನ್ನೂ ದೂರವಿರುವಾಗಲೇ ನಾತ ಮೂಗಿಗೆ ಬಡಿಯಿತು. ಏರಿ ಹತ್ತಿ ನೋಡಿದರೆ ಕೆರೆಯ ಅಂಚಿನುದ್ದಕ್ಕೂ ಹಕ್ಕಿಗಳು. ಹಣೆಗೆ ಬಿಳಿ ಬೊಟ್ಟಿರುವ ನಾಮದ ಕೋಳಿ, ಬಾತು, ನೀರುಕಾಗೆ, ಬೆಳ್ಳಕ್ಕಿ. ಸತ್ತವು ಊದಿಕೊಂಡು ಬಿದ್ದಿದ್ದವು. ಅವುಗಳ ಮೇಲೆ ಬಿಳಿ ಹುಳ ಅಕ್ಕಿ ಚೆಲ್ಲಿದಂತೆ ಮಿಜಿಗುಡುತ್ತಿತ್ತು. ಸಾಯುತ್ತಿದ್ದವುಗಳನ್ನು ನೋಡುವುದು ಇನ್ನೂ ಕಷ್ಟವಾಗಿತ್ತು. ಒಂದು ಬಾತು ಕಾಲು ಸತ್ವ ಕಳೆದುಕೊಂಡು, ರೆಕ್ಕೆಯಿಂದಲೇ ನೀರನ್ನು ಬಡಿಯುತ್ತಾ ದಡಕ್ಕೆ ಬರಲು ಹೆಣಗುತ್ತಿತ್ತು. ಅದರ ಕತ್ತು ನಿಲ್ಲುತ್ತಿರಲಿಲ್ಲ. ತಲೆ ಎತ್ತುತ್ತಿತ್ತು, ಮತ್ತೆ ನೀರಿಗೆ ಬೀಳುತ್ತಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ಅವಳು ನೋಡುತ್ತಿದ್ದ ಹಾಗೆಯೇ ತಲೆ ನೀರಿಗೆ ಬಿದ್ದದ್ದು ಮತ್ತೆ ಮೇಲೆ ಬರಲಿಲ್ಲ. ಎರಡು ಬೆರಳು ಆಳದ ನೀರಿನಲ್ಲಿ ಬಾತು ಮುಳುಗಿ ಸತ್ತಿತು.

ಹೊಂಗೆಮರದ ನೆರಳಿನಲ್ಲಿ ಕೂತಿದ್ದ ಪೊಲೀಸ್ ಪೇದೆ ಎದ್ದು ಬಂದ. ಎದೆಯ ಪಟ್ಟಿಯಲ್ಲಿ ಸಿದ್ದಬಸಪ್ಪ ಎಂದು ಹೆಸರಿತ್ತು. “ಮೇಡಂ, ಯಾವುದನ್ನೂ ಮುಟ್ಟೋ ಹಾಗಿಲ್ಲ. ಎಲ್ಲಾ ಸಾಕ್ಷಿ. ಸಾಹೇಬ್ರ ಆರ್ಡರ್.”

ಅಷ್ಟರಲ್ಲಿ ಕೆಳಗಿನ ಸೊಪ್ಪಿನ ಮಡಿಗಳಿಂದ ಒಬ್ಬ ಹೆಂಗಸು, ಅವಳ ಹಿಂದೆ ಬಿಳಿ ಮೀಸೆಯ ಮುದುಕ ಬಂದರು. ಮುದುಕ ದೊಡ್ಡಹನುಮಯ್ಯ, ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ, ಜೈಲಿನಲ್ಲಿದ್ದವನ ಅಣ್ಣ. ಹೆಂಗಸು ನರಸಮ್ಮ, ಜೈಲಿನಲ್ಲಿದ್ದವನ ಹೆಂಡತಿ.

ನೀಲಗಂಗಮ್ಮ ತಾನು ಯಾರೆಂದು ಹೇಳಿದಳು. ಹೇಳದೆಯೂ ಇರಬಹುದಿತ್ತು; ಹೇಳಿದಳು.

“ನೀವೇ ಏನಮ್ಮಾ ಆ ಕಾಗ್ದ ಕೊಟ್ಟೋರು?” ಎಂದಳು ನರಸಮ್ಮ. ಅವಳ ದನಿ ಏರಲಿಲ್ಲ. “ಈ ಕೆರೆ ನೀರ್ನೇ ನಾವು ಸೊಪ್ಪಿಗೆ ಬಿಡೋದು. ಆ ಸೊಪ್ಪನ್ನೇ ನಮ್ಮ ಮಕ್ಕಳು ತಿನ್ನೋದು. ಅದುಕ್ಕೆ ನನ್ ಗಂಡ ವಿಷ ಹಾಕ್ತಾನಾ? ಓದ್ದೋರು ನೀವು, ಒಂದ್ಸಲ ಬಂದು ನೋಡೋಕಾಗ್ಲಿಲ್ವಾ?”

“ನಾನು ಬರೆದಿದ್ದು ಹಾಗಲ್ಲ, ತಾಯಿ.”

“ಹೆಂಗಾರ ಬರ್ಕಳಿ. ಒಳಗಿರೋನು ಅವ್ನು.”

ದೊಡ್ಡಹನುಮಯ್ಯ ಅವಳನ್ನು ಸುಮ್ಮನಿರಿಸಿ, ನೀಲಗಂಗಮ್ಮನನ್ನು ಕೆರೆಯ ಮೇಲ್ಬದಿಗೆ ಕರೆದುಕೊಂಡು ಹೋದ. ಅಲ್ಲಿ ಹೊಸ ಬಡಾವಣೆಯ ಕಡೆಯಿಂದ ಮನುಷ್ಯ ನುಸುಳುವಷ್ಟು ಅಗಲದ ಸಿಮೆಂಟ್ ಪೈಪು ಬಂದು ಕೆರೆಗೆ ಬಾಯಿ ತೆರೆದಿತ್ತು. ಕರ್ರಗಿನ ಮೋರಿ ನೀರು ದಬದಬ ಬೀಳುತ್ತಿತ್ತು. ಸುತ್ತ ನೀರು ಡಾಂಬರಿನ ಬಣ್ಣಕ್ಕೆ ತಿರುಗಿ, ಗುಳ್ಳೆ ಏಳುತ್ತಿತ್ತು.

“ದೀಪಾವಳಿ ಕಳೀತಿದ್ದಂಗೆ ತಂದು ಬುಟ್ರು ಅಮ್ಮೋರೇ. ಶಿವರಾತ್ರಿ ಹೊತ್ಗೆ ಮೀನು ತೇಲ್ದೋ. ಈಗ ಹಕ್ಕಿ. ಹತ್ತು ಅರ್ಜಿ ಕೊಟ್ಟಿದೀವಿ. ಒಬ್ರೂ ಬರ್ಲಿಲ್ಲ. ಹಕ್ಕಿ ಸತ್ತಿದ್ದು ಪೇಪರ್ನಾಗೆ ಬಂದ್ ಮ್ಯಾಕೆ ಪೊಲೀಸ್ನೋರು ಬಂದ್ರು.”

ಅವಳು ಹಿಂದಿರುಗುವಾಗ ಕೈಚೀಲದಲ್ಲಿ ಪೈಪಿನ ಬಾಯಿಯ ಹತ್ತಿರದ ಒಂದು ಬಾಟಲಿ ನೀರು, ಒಂದು ಡಬ್ಬಿಯಲ್ಲಿ ಬಿಳಿ ಹುಳ, ಸೀರೆಯ ಸೆರಗಿನಲ್ಲಿ ಸುತ್ತಿದ ಜೀವ ಇರುವ ನಾಮದ ಕೋಳಿ ಇದ್ದವು. ಸಿದ್ದಬಸಪ್ಪ ಬೇಡವೆನ್ನಲು ಬಾಯಿ ತೆರೆದ. ಅವಳ ಮುಖ ನೋಡಿ ಹೊಂಗೆಮರದ ನೆರಳಿಗೆ ಮರಳಿದ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ದೂರ ಸರಿದರು. ಕೋಳಿಯ ತಲೆ ಅವಳ ಮೊಣಕೈ ಮೇಲಿಂದ ಒದ್ದೆ ಬಟ್ಟೆಯಂತೆ ಜೋತು ಬಿದ್ದಿತ್ತು.

ಡಾಕ್ಟರ್ ಪಂಚಾಕ್ಷರಿ ಪಶುವೈದ್ಯರು. ಊರಿನ ಇನ್ನೊಂದು ತುದಿಯಲ್ಲಿ, ಪ್ರಾಣಿಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದರು. ಹಿಂದೊಮ್ಮೆ ದನಗಳು ಸತ್ತ ಕೆರೆಯೊಂದರ ವಿಚಾರದಲ್ಲಿ ಅವಳ ಜೊತೆ ಕೆಲಸ ಮಾಡಿದ್ದರು. ಕೋಳಿಯ ಕತ್ತನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟು ನೋಡಿ, ಹುಳದ ಡಬ್ಬಿ ತೆರೆದು ನೋಡಿ, “ಇದು ಹುಳಕ್ಕೆ ಹೊಡೆಯೋ ಔಷಧಿ ಕೆಲಸ ಅಲ್ಲ ಕಣಮ್ಮಾ” ಎಂದರು.

ಅವರು ವಿವರಿಸಿದ್ದು ಇಷ್ಟು. ಕೆರೆಯ ಕೆಸರಿನಲ್ಲಿ ಒಂದು ಬಗೆಯ ಸೂಕ್ಷ್ಮಾಣು ನಿದ್ದೆ ಮಾಡಿಕೊಂಡೇ ಇರುತ್ತದೆ. ಗಾಳಿ ಇದ್ದರೆ ಅದು ಏಳುವುದಿಲ್ಲ. ನೀರು ಕೊಳೆತು, ಉಸಿರು ಕಟ್ಟಿ, ಮೇಲೆ ಬೇಸಿಗೆಯ ಬಿಸಿಯೂ ಸೇರಿದರೆ ಎದ್ದು ವಿಷ ಕಾರುತ್ತದೆ. ಅದು ನರಗಳನ್ನು ಹಿಡಿದು ಕತ್ತು, ಕಾಲು ಸೋಲಿಸುತ್ತದೆ. ಹಕ್ಕಿ ಸತ್ತರೆ ಆ ಹೆಣದಲ್ಲಿ ವಿಷ ಇನ್ನೂ ಬೆಳೆಯುತ್ತದೆ. ಹೆಣದ ಹುಳ ವಿಷ ಉಂಡರೂ ಸಾಯುವುದಿಲ್ಲ. ಆದರೆ ಆ ಹುಳ ತಿಂದ ಹಕ್ಕಿ ಸಾಯುತ್ತದೆ. ಮೂರು ನಾಲ್ಕು ಹುಳ ಸಾಕು.

“ಅಂದ್ರೆ ಹೆಣ ಅಲ್ಲೇ ಬಿಟ್ಟಷ್ಟೂ…”

“ಒಂದು ಹೆಣ ಹತ್ತು ಹೆಣ ಆಗುತ್ತೆ. ಮೊದಲು ಎಲ್ಲಾ ಎತ್ತಿ ಸುಡಬೇಕು. ಏನು, ಎತ್ತಿಲ್ವಾ?”

“ಸಾಕ್ಷಿ ಅಂತ ಕಾವಲು ಹಾಕಿದಾರೆ ಸಾರ್.”

ಪಂಚಾಕ್ಷರಿ ಕೆಟ್ಟದೊಂದು ಬೈಗುಳ ಬೈದರು. ಹೆಂಗಸಿನೆದುರು ಬೈದೆನೆಂದು ಕ್ಷಮೆ ಕೇಳಲೂ ಇಲ್ಲ.

ಊಹೆಯ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವರು ಕೋಳಿಯ ರಕ್ತ ತೆಗೆದು, ಅದರ ತಿಳಿಯನ್ನು ಬೇರ್ಪಡಿಸಿ ಎರಡು ಪಾಲು ಮಾಡಿದರು. ಒಂದು ಪಾಲನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟರು. ಈ ಸೂಕ್ಷ್ಮಾಣುವಿನ ವಿಷವಾದರೆ ಕುದಿಸಿದಾಗ ಕೆಡುತ್ತದೆ. ಕುದಿಸಿದ ಪಾಲನ್ನು ಎರಡು ಬಿಳಿ ಇಲಿಗಳಿಗೆ, ಕುದಿಸದ್ದನ್ನು ಇನ್ನೆರಡಕ್ಕೆ ಚುಚ್ಚಿದರು. ಮಾರನೆಯ ದಿನ ಹತ್ತು ಗಂಟೆಗೆ ನೀಲಗಂಗಮ್ಮ ಹೋದಾಗ ಕುದಿಸಿದ ಪಾಲಿನ ಇಲಿಗಳು ಕಡಲೆ ಮೆಲ್ಲುತ್ತಿದ್ದವು. ಉಳಿದೆರಡರಲ್ಲಿ ಒಂದು ಸತ್ತಿತ್ತು. ಇನ್ನೊಂದು ಉಸಿರೆಳೆಯಲಾರದೆ, ಸೊಂಟ ಕಣಜದ ಹುಳುವಿನಂತೆ ಒಳಕ್ಕೆ ಸೆಳೆದುಕೊಂಡು ಒದ್ದಾಡುತ್ತಿತ್ತು. ಪಂಚಾಕ್ಷರಿ ಅಲ್ಲೇ ನಿಂತು ಫಲಿತಾಂಶ ಬರೆದುಕೊಟ್ಟರು.

ಅದನ್ನು ಹಿಡಿದು ಅವಳು ಮತ್ತೆ ಸೋಮಲಿಂಗಪ್ಪನವರ ಎದುರು ನಿಂತಳು. ಅವರು ಓದಿದರು. ಅವರಿಗೆ ಅರ್ಥವಾಯಿತು ಎನ್ನುವುದು ಅವಳಿಗೆ ಕಂಡಿತು. ಅರ್ಥವಾಗದವರ ಮೇಲೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ನಮ್ಮದು ನೀರಿನ ಲ್ಯಾಬು. ಹಕ್ಕಿ ಕಾಯಿಲೆ ನಮಗೆ ಸಂಬಂಧಪಟ್ಟಿದ್ದಲ್ಲ.”

“ಪೈಪು ಸಂಬಂಧಪಟ್ಟಿದ್ದಾ ಸಾರ್? ಬಡಾವಣೆಯವರು ಕೊಳೆನೀರು ಶುದ್ಧ ಮಾಡಿಯೇ ಕೆರೆಗೆ ಬಿಡ್ತಾರೆ ಅಂತ ಹೋದ ವರ್ಷ ಸರ್ಟಿಫಿಕೇಟ್ ಹೋಗಿದೆ, ಈ ಆಫೀಸಿಂದ. ಬೆಳಿಗ್ಗೆ ಫೈಲು ನೋಡಿದೆ. ಅದರಲ್ಲಿ ಸಹಿ ನಿಮ್ಮದು.”

ಸೋಮಲಿಂಗಪ್ಪನವರ ಮುಖ ಕಪ್ಪಿಟ್ಟಿತು. “ಮಾಡ್ತೀವಿ ಅಂತ ಅವರು ಹೇಳಿದ್ರು, ಬರ್ಕೊಟ್ಟೆ. ನೀವು ಸ್ವಲ್ಪ ದಿನ ರಜೆ ತಗೊಳ್ಳಿ. ತಾಯಿಯವರಿಗೂ ಹುಷಾರಿಲ್ಲ ಅಂತ ಕೇಳಿದೆ.”

“ನಮ್ಮಮ್ಮನಿಗೆ ಏನೂ ಆಗಿಲ್ಲ!” ಅವಳ ಕೂಗು ಹೊರಗಿನ ಟೈಪ್‌ರೈಟರುಗಳನ್ನು ನಿಲ್ಲಿಸಿತು. “ಜೈಲಲ್ಲಿರೋನಿಗೆ ಆಗಿರೋದು! ನಿಮ್ಮೊಂದು ಸರ್ಟಿಫಿಕೇಟ್ ಮುಚ್ಚಿಕೊಳ್ಳೋಕೆ ಸೊಪ್ಪು ಮಾರೋನನ್ನ ಒಳಗೆ ಹಾಕಿಸಿದೀರಿ. ದಿನಾ ನಲವತ್ತು ಹಕ್ಕಿ ಸಾಯ್ತಾ ಇವೆ, ಅದಕ್ಕೆ ಕಾವಲು ಬೇರೆ. ನಾಚಿಕೆ ಆಗಲ್ವಾ ನಿಮಗೆ? ನನ್ನ ಹೆಸರು ಹಾಕಿ ಮಾಡಿದೀರಲ್ಲಾ ಇದನ್ನ!”

ಯಾರೂ ಅವಳನ್ನು ಹಾಗೆ ಕಂಡಿರಲಿಲ್ಲ. ಅವಳೇ ತನ್ನನ್ನು ಹಾಗೆ ಕಂಡಿರಲಿಲ್ಲ. ಹೊರಗೆ ಬಂದಾಗ ಅಳು ಬರಲಿಲ್ಲ. ರಜೆ ತೆಗೆದುಕೊಳ್ಳಿ ಎಂದರಲ್ಲ, ಮೂರು ದಿನದ ಅರ್ಜಿ ಬರೆದಿಟ್ಟಳು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಅವಳು ಕೆರೆಯ ಏರಿಯ ಮೇಲಿದ್ದಳು. ದೊಡ್ಡಹನುಮಯ್ಯನಿಗೂ ನರಸಮ್ಮನಿಗೂ ಇಲಿಗಳ ಕಥೆ ಹೇಳಿದಳು. ನರಸಮ್ಮ ಅದನ್ನು ಎರಡು ಸಲ ಕೇಳಿಸಿಕೊಂಡು, “ಕಾಯ್ಸಿದ್ದು ಬದುಕ್ತು, ಕಾಯಿಸ್ದೇ ಇರೋದು ಸತ್ತೋಯ್ತು. ಔಷ್ಧಿ ಆಗಿದ್ರೆ ಎರಡೂ ಸಾಯಬೇಕಿತ್ತು, ಅಲ್ವಾ?” ಎಂದಳು. ಹೌದೆಂದಾಗ ಸೀರೆಯನ್ನು ಎತ್ತಿ ಕಟ್ಟಿಕೊಂಡು, ಮನೆಯಲ್ಲಿದ್ದ ಗೋಣಿಚೀಲಗಳನ್ನೆಲ್ಲ ಎತ್ತಿ ತಂದಳು. ಬೀದಿಯ ಏಳೆಂಟು ಹೆಂಗಸರೂ ಗಂಡಸರೂ ಸೇರಿದರು.

ಸಿದ್ದಬಸಪ್ಪ ಅಡ್ಡ ಬಂದ. “ಮೇಡಂ, ಬೇಡಿ. ನನ್ ಕೆಲ್ಸ ಹೋಗುತ್ತೆ.”

“ನೀವು ಇಲ್ಲಿಗೆ ಬಂದಾಗ ಹಕ್ಕಿ ಎಷ್ಟು ಬಿದ್ದಿತ್ತು?”

“ಮುನ್ನೂರು ಅಂದ್ರು.”

“ಈಗ?”

ಅವನು ಕೆರೆಯ ಕಡೆ ನೋಡಿದ.

“ನೀವು ಕಾಯ್ತಾ ಇರೋದು ಸಾಕ್ಷಿ ಅಲ್ಲ ಸಿದ್ದಬಸಪ್ಪನವರೇ, ರೋಗ. ಹತ್ತು ಹಕ್ಕಿ ಐಸಿನ ಪೆಟ್ಟಿಗೇಲಿ ಬೇರೆ ಇಡ್ತೀನಿ, ಕೋರ್ಟಿಗೆ ಅಷ್ಟು ಸಾಕು. ಉಳಿದದ್ದು ನಾನು ಹೇಳಿ ಸುಡಿಸಿದ್ದು ಅಂತ ಬರ್ಕೊಡ್ತೀನಿ.”

ಅವಳು ಬರೆದುಕೊಟ್ಟಳು. ಅವನು ಚೀಟಿ ಜೇಬಿಗಿಟ್ಟುಕೊಂಡು, “ನಾನ್ ಸ್ಟೇಷನ್ನಿಗೆ ಹೋಗಿ ಹೇಳ್ಲೇಬೇಕು” ಎಂದು ಸೈಕಲ್ ಹತ್ತಿದ. ಏರಿಯ ಕೊನೆಗೆ ಹೋಗಿ ಇಳಿದು ಚೈನು ಬಿಚ್ಚಿದ. ಅದನ್ನು ಮತ್ತೆ ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಬಿಗಿದು, ಮೊಣಕಾಲುದ್ದ ಕೆಸರಿನಲ್ಲಿ ಅವರೆಲ್ಲ ಹೆಣ ಹೆಕ್ಕಿದರು. ಹೆಣ ಎತ್ತಿದಲ್ಲಿ ಉದುರಿದ ಹುಳವನ್ನೂ ಮಣ್ಣುಸಮೇತ ಬಾಚಿದರು. ನೀಲಗಂಗಮ್ಮ ಒಂದೆರಡು ಬಾರಿ ವಾಂತಿ ಮಾಡಿಕೊಂಡು, ಮತ್ತೆ ಬಗ್ಗಿದಳು. ದೊಡ್ಡಹನುಮಯ್ಯ ಏರಿಯಿಂದಾಚೆ ಎದೆಮಟ್ಟದ ಗುಂಡಿ ತೋಡಿಸಿದ. ಸೌದೆ, ಸೀಮೆಎಣ್ಣೆ ಹಾಕಿ ಬೆಂಕಿ ಇಟ್ಟಾಗ ಲೆಕ್ಕ ಐನೂರ ಎಪ್ಪತ್ತಾರು. ಮಧ್ಯಾಹ್ನ ಎರಡಕ್ಕೆ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದು ಕೂಗಾಡುವ ಹೊತ್ತಿಗೆ ಗುಂಡಿಯಲ್ಲಿ ಬೂದಿ, ಮೇಲೆ ಸುಣ್ಣ. ಅವಳ ಹೆಸರು, ವಿಳಾಸ ಬರೆದುಕೊಂಡು ಹೋದರು.

ಸಾವು ಒಂದೇ ದಿನಕ್ಕೆ ನಿಲ್ಲಲಿಲ್ಲ. ನರಸಮ್ಮ ದಿನವೂ ಬೆಳಿಗ್ಗೆ ಸಂಜೆ ದಡ ಸುತ್ತಿ ಹೊಸ ಹೆಣ ಎತ್ತಿ ಸುಟ್ಟಳು. ಎರಡನೆಯ ದಿನ ಇಪ್ಪತ್ತೊಂಬತ್ತು. ಐದನೆಯ ದಿನ ಆರು. ಒಂಬತ್ತನೆಯ ದಿನ ಸೊನ್ನೆ.

ಮುಂದಿನ ವಾರ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜಾಮೀನಿನ ವಿಚಾರಣೆ. ವರದಿಗೆ ಸಹಿ ಹಾಕಿದವರು ಎಂದು ಸರ್ಕಾರದ ವಕೀಲರೇ ಅವಳನ್ನು ಕರೆಸಿದ್ದರು. “ಕೀಟನಾಶಕ ಪತ್ತೆಯಾದದ್ದು ನಿಜವೋ?” ಎಂದು ಕೇಳಿದರು. “ನಿಜ. ಔಷಧಿ ಡಬ್ಬದಲ್ಲಿ” ಎಂದಳು. ವಕೀಲರು ಅಷ್ಟು ಸಾಕೆಂದು ಕೂರಲು ಹೇಳಿದರು. ಅವಳು ಕೂರಲಿಲ್ಲ.

“ಸ್ವಾಮಿ, ಕೆರೆ ನೀರಿನಲ್ಲಿ ಏನಿತ್ತು ಅಂತ ಇವರು ಕೇಳಲೇ ಇಲ್ಲ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ, “ಹೇಳಿ” ಎಂದರು. ಅವಳು ತನ್ನ ಪರೀಕ್ಷೆಯ ಪುಸ್ತಕ ತೆರೆದು ಕೆಂಪು ಗೆರೆಯನ್ನು ತೋರಿಸಿದಳು. ಇಲಿಗಳ ಫಲಿತಾಂಶ ಕೊಟ್ಟಳು. ಹೆಣ ಸುಟ್ಟ ಮೇಲೆ ದಿನದಿನದ ಎಣಿಕೆ ಹೇಗೆ ಇಳಿಯಿತೆಂದು ಓದಿದಳು. ಕೊನೆಗೆ ಪೈಪಿನ ವಿಷಯ ಹೇಳುವಾಗ ವಕೀಲರು ಎರಡು ಸಲ ಅಡ್ಡ ಬಂದರು. ಅವಳು ಎರಡು ಸಲವೂ ಅದೇ ವಾಕ್ಯವನ್ನು ಮೊದಲಿನಿಂದ ಶುರುಮಾಡಿದಳು. ಮೂರನೆಯ ಸಲ ಅವರು ಕುರ್ಚಿಯಲ್ಲಿ ಕೂತರು.

ಚಿಕ್ಕಹನುಮಯ್ಯ ಅಂದೇ ಸಂಜೆ ಹೊರಗೆ ಬಂದ. ತಿಂಗಳೊಳಗೆ ಕೇಸು ಬಿದ್ದುಹೋಯಿತು. ಬಿಡುಗಡೆಯಾದ ಸಂಜೆ ಜೈಲಿನ ಬಾಗಿಲಲ್ಲಿ ಅವನು ನೀಲಗಂಗಮ್ಮನನ್ನು ದಿಟ್ಟಿಸಿ ನೋಡಿದ. ಹತ್ತೊಂಬತ್ತು ದಿನದಲ್ಲಿ ಅವನ ಗಡ್ಡ ಬೆಳೆದು, ಮುಖ ಚಿಕ್ಕದಾಗಿತ್ತು. ಕೈ ಮುಗಿಯಲಿಲ್ಲ. “ಸೊಪ್ಪೆಲ್ಲಾ ಬಲ್ತೋಗಿರ್ತದೆ” ಎಂದು ಹೆಂಡತಿಗೆ ಹೇಳಿ ಬಸ್‌ಸ್ಟಾಪಿನ ಕಡೆ ನಡೆದ. ನೀಲಗಂಗಮ್ಮನಿಗೆ ಬೇಸರವಾಗಲಿಲ್ಲ. ಅವನು ಕೈ ಮುಗಿದಿದ್ದರೆ ಎಲ್ಲಿ ಮುಖ ಇಟ್ಟುಕೊಳ್ಳಬೇಕಿತ್ತೋ ಅವಳಿಗೆ ಗೊತ್ತಿರಲಿಲ್ಲ.

ಸಾಕ್ಷಿ ನಾಶ ಮಾಡಿದ್ದಕ್ಕೆ, ಮೇಲಧಿಕಾರಿಯ ಎದುರು ಕೂಗಾಡಿದ್ದಕ್ಕೆ ಅವಳಿಗೆ ನೋಟಿಸು ಬಂತು. ಜೂನಿನಲ್ಲಿ ರಾಯಚೂರಿಗೆ ವರ್ಗ. ಸೋಮಲಿಂಗಪ್ಪನವರಿಗೆ ಏನೂ ಆಗಲಿಲ್ಲ. ಕೆರೆಯ ವರದಿಯಲ್ಲಿ ‘ಟೈಪಿಂಗ್ ದೋಷ’ ಆಗಿತ್ತೆಂದು ಕಡತಕ್ಕೆ ಸೇರಿತು.

ಹೊರಡುವ ನಾಲ್ಕು ದಿನ ಮುಂಚೆ ನರಸಮ್ಮ ಮೈದುಂಬಿದ ದಂಟಿನಸೊಪ್ಪಿನ ಎರಡು ಕಟ್ಟು ಹಿಡಿದು ಬಸವೇಶ್ವರನಗರದ ಮನೆ ಹುಡುಕಿಕೊಂಡು ಬಂದಳು. ಪೈಪನ್ನು ಕೊನೆಗೂ ಕೆರೆಯಿಂದ ತಿರುಗಿಸಿದರು ಎಂದಳು. ನೀಲಗಂಗಮ್ಮನ ತಾಯಿ “ಸದ್ಯ, ಒಳ್ಳೇದಾಯ್ತು” ಎಂದು ಕಾಫಿ ತಂದಿಟ್ಟರು.

ನರಸಮ್ಮ ಲೋಟ ಮುಟ್ಟಲಿಲ್ಲ. “ಎತ್ಲಾಗ್ ತಿರುಗ್ಸವ್ರೆ ಗೊತ್ತಾ ಅಮ್ಮೋರೇ? ಕೋಡಿ ಹಳ್ಳಕ್ಕೆ. ಆ ಹಳ್ಳ ಹೋಗಿ ಬೀಳಾದು ಕೆಳಗ್ಲೂರ ಕೆರೆಗೆ.”

ನೀಲಗಂಗಮ್ಮ ಅರ್ಧ ಕಟ್ಟಿದ್ದ ಸಾಮಾನಿನ ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ತಳ್ಳಿದಳು. “ನಾಳೆ ಬೆಳಿಗ್ಗೆ ಬರ್ತೀನಿ. ಕೆಳಗಿನೂರಲ್ಲಿ ನಿಮಗೆ ಯಾರಾದ್ರೂ ಗೊತ್ತಾ?”

“ನಮ್ಮ ಚಿಕ್ಕಮ್ಮ ಅವ್ರೆ, ಹನುಮಕ್ಕ ಅಂತ. ಅವ್ರು ಬಾಯಿ ಬಿಟ್ರೆ ಇಡೀ ಊರು ಕೇಳುಸ್ಕತದೆ.”

“ಸಾಕು.”

ಮಾರನೆಯ ದಿನ ಹನುಮಕ್ಕನ ಜಗಲಿಯ ಮೇಲೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಆ ಕೆರೆಯಲ್ಲಿ ಇನ್ನೂ ನೀರು ತಿಳಿಯಾಗಿತ್ತು. ಬಾತುಗಳು ಜೊಂಡಿನ ಮಧ್ಯೆ ಮರಿ ಕಟ್ಟಿಕೊಂಡು ಓಡಾಡುತ್ತಿದ್ದವು. ನೀಲಗಂಗಮ್ಮ ನಿಂತೇ ಮಾತಾಡಿದಳು. ಹಳ್ಳದ ನೀರು ಯಾವ ಬಣ್ಣಕ್ಕೆ ತಿರುಗಿದರೆ ಎಚ್ಚರವಾಗಬೇಕು, ಕತ್ತು ನಿಲ್ಲಿಸಲಾರದ ಹಕ್ಕಿ ಹೇಗೆ ಕಾಣುತ್ತದೆ, ಕೈಗೆ ಏನು ಕಟ್ಟಿಕೊಳ್ಳಬೇಕು, ಗುಂಡಿ ಎಷ್ಟು ಆಳ ಇರಬೇಕು, ಒಂದೊಂದನ್ನೂ ಹೇಳಿದಳು.

“ಮೊದ್ಲು ಯಾರ್ಗಾದ್ರೂ ಅರ್ಜಿ ಕೊಡಬೇಕಾ ಅಮ್ಮಾ?” ಎಂದಳು ಹನುಮಕ್ಕ.

“ಕೊಡಿ. ನಕಲು ಇಟ್ಕೊಂಡು ಕೊಡಿ,” ಎಂದಳು ನೀಲಗಂಗಮ್ಮ. “ಆದ್ರೆ ಅವರು ಬರ್ತಾರೆ ಅಂತ ಕಾಯಬೇಡಿ.”